ಗೋಡೆಯ ಮೇಲಿನ ಕೋವಿ: ನಮ್ಮ ಸೀಮೆಯ ಒಂದು ಹಿನ್ನೋಟ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ನೀವೂ ಒಂದು ಲೇಖನ ಕೊಡಲೇಬೇಕು ಎಂದು ಸಂಪಾದಕ ಸಮಿತಿಯವರು ಪಟ್ಟು ಹಿಡಿದರು. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ತೋಟ, ಗದ್ದೆ ಅಂತ ನಿಂತವನು. ನಿರ್ದೇಶಕನಾಗಿ ನಡಾವಳಿ ಪುಸ್ತಕಕ್ಕೆ ಸಹಿ ಹಾಕಿದ್ದು ಬಿಟ್ಟರೆ ಬರವಣಿಗೆಯ ಅಭ್ಯಾಸ ನನಗಿಲ್ಲ. ಸಾಲ ವಸೂಲಾತಿ, ಗೊಬ್ಬರದ ವ್ಯವಹಾರದ ಬಗ್ಗೆ ಬರೆಯಲು ನಮ್ಮ ಕಾರ್ಯದರ್ಶಿಯವರಿದ್ದಾರೆ. ಅಡಿಕೆ ಕೊಳೆರೋಗದ ಬಗ್ಗೆ ಬರೆಯಲು ನನಗಿಂತ ತಿಳಿದವರಿದ್ದಾರೆ. ನನಗೆ ಗೊತ್ತಿರುವ, ಮನಸ್ಸಿಗೆ ಹಿಡಿಸಿದ ವಿಷಯ ಒಂದೇ, ಅದು ಕೋವಿ.

ಸಹಕಾರ ಸಂಘದ ಪುಸ್ತಕದಲ್ಲಿ ಕೋವಿಗೇನು ಕೆಲಸ ಎಂದು ಕೆಲವರು ನಗಬಹುದು. ನಗಲಿ. ಕತ್ತಿ, ಗುದ್ದಲಿ, ನೊಗ, ನೇಗಿಲು ಹೇಗೋ ಹಾಗೆಯೇ ಮಲೆನಾಡಿನ ರೈತನ ಮನೆಯಲ್ಲಿ ಕೋವಿಯೂ ಒಂದು ಸಲಕರಣೆಯಾಗಿತ್ತು. ಆಯುಧ ಪೂಜೆಯ ದಿನ ಕುಡುಗೋಲಿನ ಪಕ್ಕದಲ್ಲೇ ಅದಕ್ಕೂ ಅರಿಶಿನ ಕುಂಕುಮ ಬೀಳುತ್ತಿತ್ತು. ಕುವೆಂಪು ಅವರ ಕಾದಂಬರಿಗಳನ್ನು ಓದಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೆಗ್ಗಡೆಯವರ ಮನೆ ಬಂತು ಅಂದರೆ ಜಗಲಿ ಗೋಡೆಯಲ್ಲಿ ಕೋವಿಯೂ ಬರುತ್ತದೆ. ಅಂಥ ವಸ್ತುವಿನ ಇತಿಹಾಸ ನಮ್ಮ ಮಕ್ಕಳಿಗೆ ಗೊತ್ತಿರಲಿ ಎಂದು ನನಗೆ ತಿಳಿದಷ್ಟು ಬರೆದಿದ್ದೇನೆ.

ಕೋವಿ ಬಂದ ದಾರಿ

ನಮ್ಮ ಕನ್ನಡ ನಾಡಿಗೆ ಬಂದೂಕು ಹೊಸದಲ್ಲ. ಉತ್ತರದಲ್ಲಿ ಬಾಬರನು ಪಾಣಿಪತ್ ಯುದ್ಧ ಗೆದ್ದದ್ದು 1526ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ, 1520ರಲ್ಲಿ, ನಮ್ಮ ಕೃಷ್ಣದೇವರಾಯನು ಬಿಜಾಪುರದ ಆದಿಲ್ ಶಾಹನಿಂದ ರಾಯಚೂರು ಕೋಟೆಯನ್ನು ಗೆದ್ದನು. ಆ ಮುತ್ತಿಗೆಯಲ್ಲಿ ಪೋರ್ಚುಗೀಸರ ಒಂದು ಚಿಕ್ಕ ತಂಡ ಬಂದೂಕು ಹಿಡಿದು ರಾಯನ ಪರ ನಿಂತಿತ್ತು. ಕೋಟೆ ಗೋಡೆಯ ಮೇಲೆ ಕಾಣಿಸಿಕೊಂಡ ಕಾವಲಿನವರನ್ನು ಅವರು ದೂರದಿಂದಲೇ ಉರುಳಿಸಿದರು. ಕಾವಲಿನವರು ತಲೆ ಎತ್ತದಂತಾದಾಗ ಕೆಳಗಿನವರು ಗೋಡೆ ಕೆಡವಿದರು. ಇದನ್ನು ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಬರೆದಿಟ್ಟಿದ್ದಾನೆ.

ಅಷ್ಟು ದೂರ ಹೋಗುವುದೇ ಬೇಡ, ನಮ್ಮ ಹೊಸನಗರ ತಾಲೂಕಿನ ನಗರದ ಕೋಟೆಯನ್ನೇ ನೋಡಿ. ಕೆಳದಿ ಅರಸರ ಬಿದನೂರನ್ನು ಹೈದರ್ ಅಲಿ 1763ರಲ್ಲಿ ಹಿಡಿದನು. ಅವನ ಕಾಲದಲ್ಲಿಯೂ ಮಗ ಟಿಪ್ಪುವಿನ ಕಾಲದಲ್ಲಿಯೂ ಆ ಸೈನ್ಯದ ಕಬ್ಬಿಣದ ಕೊಳವೆಯ ರಾಕೆಟ್ಟುಗಳಿಗೆ ಇಂಗ್ಲಿಷರೇ ಹೆದರಿದ್ದರು. 2018ರಲ್ಲಿ ನಗರದ ಒಂದು ಹಳೇ ಬಾವಿಯ ಕೆಸರು ತೆಗೆಯುವಾಗ ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ರಾಕೆಟ್ಟುಗಳು ಸಿಕ್ಕಿದ ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂತು. ಮದ್ದು ಗುಂಡಿನ ವಿದ್ಯೆ ನಮ್ಮ ಕಾಡಿನ ಮಧ್ಯೆಯೇ ಇತ್ತು ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ರಾಜರ ಕಾಲ ಮುಗಿದ ಮೇಲೆ ಸೈನ್ಯದ ಆಯುಧ ನಿಧಾನವಾಗಿ ರೈತನ ಮನೆಯ ಆಯುಧವಾಯಿತು. ಮೊದಲು ಬತ್ತಿ ಹೊತ್ತಿಸಿ ಹಾರಿಸುವುದು, ಆಮೇಲೆ ಚಕಮಕಿ ಕಲ್ಲಿನದು, ಆಮೇಲೆ ಕೇಪಿನ ಕೋವಿ, ಕಡೆಗೆ ತೋಟಾ ಕೋವಿ. ನಮ್ಮ ಅಜ್ಜಂದಿರ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಕೇಪಿನ ಕೋವಿಯೇ.

ಒಂದೇ ವರ್ಷ, ಎರಡು ನ್ಯಾಯ

ಕೋವಿಯ ಕಥೆಯಲ್ಲಿ 1857 ದೊಡ್ಡ ವರ್ಷ. ಉತ್ತರದಲ್ಲಿ ಸಿಪಾಯಿಗಳು ದಂಗೆ ಎದ್ದ ಕೂಡಲೇ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ನಿಶ್ಶಸ್ತ್ರೀಕರಣ ಕಾಯ್ದೆ ತಂದರು. ಮುಧೋಳ ಸೀಮೆಯ ಹಲಗಲಿಯ ಬೇಡರು ಇದನ್ನು ಒಪ್ಪಲಿಲ್ಲ. ಬೇಟೆಯೇ ಅವರ ಬದುಕು, ಕೈಯಲ್ಲಿನ ಹತಾರವೇ ಅವರ ಮಾನ. ಅದನ್ನು ಕೊಡಿ ಅಂದರೆ ಯಾರು ಕೊಡುತ್ತಾರೆ? ಆ ವರ್ಷ ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಪಡೆ ಹಲಗಲಿಗೆ ನುಗ್ಗಿ ಊರಿಗೇ ಬೆಂಕಿ ಇಟ್ಟಿತು. ಸಿಕ್ಕಿದವರಲ್ಲಿ 19 ಜನರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಎಲ್ಲರ ಎದುರಿಗೇ ಗಲ್ಲಿಗೆ ಹಾಕಿದರು. ಜಡಗ, ಬಾಲ, ಹನುಮ, ರಾಮ ಇವರ ಹೆಸರು ಲಾವಣಿಯಲ್ಲಿ ಇಂದಿಗೂ ಉಳಿದಿದೆ.

ಅದೇ ಹೊತ್ತಿಗೆ ಕೊಡಗಿನಲ್ಲಿ ಆದದ್ದು ಬೇರೆ. ಕೊಡಗು 1834ರಿಂದ ಬ್ರಿಟಿಷರ ಕೈಯಲ್ಲಿತ್ತು. 1857ರ ಗಲಾಟೆಯಲ್ಲಿ ಕೊಡಗಿನವರು ತಮ್ಮ ವಿರುದ್ಧ ಏಳಲಿಲ್ಲ ಎಂಬ ಸಂತೋಷಕ್ಕೆ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಅವರಿಗೆ ಆ ಕಾಯ್ದೆಯಿಂದ ವಿನಾಯಿತಿ ಕೊಟ್ಟನು. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಬಂದದ್ದು ಇವನಿಂದಲೇ. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸರ್ಕಾರವೂ 1963ರ ಅಧಿಸೂಚನೆಯಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನೇ ಮುಂದುವರಿಸಿತು. 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ, ವಿಸ್ತರಣೆ ಆಯಿತು. ಇದು ಸರಿಯಲ್ಲವೆಂದು ಒಬ್ಬರು ಹೈಕೋರ್ಟಿಗೆ ಹೋದಾಗ 2021ರಲ್ಲಿ ಕೋರ್ಟು ವಿನಾಯಿತಿಯನ್ನು ಎತ್ತಿ ಹಿಡಿಯಿತು.

ಕೊಡಗಿನಲ್ಲಿ ನಮ್ಮ ನೆಂಟರೊಬ್ಬರ ತೋಟಕ್ಕೆ ಹೋದಾಗ ಕೈಲ್ ಪೊಳ್ದ್ ಹಬ್ಬ ನೋಡುವ ಭಾಗ್ಯ ನನಗೆ ಸಿಕ್ಕಿತ್ತು. ಸೆಪ್ಟೆಂಬರ್ ಮೊದಲ ವಾರ, ನಾಟಿ ಕೆಲಸ ಮುಗಿದಿರುತ್ತದೆ. ಕೋವಿಗೆ ಹೂವು ಮುಡಿಸಿ ಪೂಜೆ ಮಾಡಿ, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುತ್ತಾರೆ. ಹುತ್ತರಿಯಲ್ಲಿ ಕದಿರು ಕೊಯ್ಯುವಾಗ ಒಂದು ಈಡು. ಮನೆಯಲ್ಲಿ ಸಾವಾದರೆ ಎರಡು ಈಡು, ಆ ಸದ್ದಿಗೆ ಅಕ್ಕಪಕ್ಕದವರು ಕೆಲಸ ಬಿಟ್ಟು ಬರುತ್ತಾರೆ. ಆ ನೆಂಟರು ನನಗೆ ಹೇಳಿದ ಒಂದು ಮಾತು ಇಲ್ಲಿ ಬರೆಯಬೇಕು. "ಭಾವ, ನಮಗೆ ಲೈಸೆನ್ಸ್ ಬೇಡ ಅಂತ ಸರ್ಕಾರ ಹೇಳಿರಬಹುದು. ಆದರೆ ಕೋವಿ ಮುಟ್ಟಲು ನಮ್ಮ ಮನೆಯ ಹಿರಿಯರ ಲೈಸೆನ್ಸ್ ಬೇಕೇ ಬೇಕು" ಅಂದರು.

ಹಲಗಲಿ ಮತ್ತು ಕೊಡಗು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಒಂದು ವಿಷಯ ತಿಳಿಯುತ್ತದೆ. ಯಾರ ಕೈಯಲ್ಲಿ ಕೋವಿ ಇರಬೇಕು ಅನ್ನುವುದನ್ನು ದೊರೆಗಳು ತಮ್ಮ ಭಯ ಮತ್ತು ನಂಬಿಕೆ ನೋಡಿಕೊಂಡು ತೀರ್ಮಾನಿಸಿದರು. ರೈತನಿಗೆ ಅದರ ಅಗತ್ಯ ಎಷ್ಟಿದೆ ಎಂದು ಯಾರೂ ಕೇಳಲಿಲ್ಲ.

ಲೈಸೆನ್ಸ್ ಬಂದದ್ದು

1878ರಲ್ಲಿ ಲಾರ್ಡ್ ಲಿಟ್ಟನ್ ಕಾಲದಲ್ಲಿ ಶಸ್ತ್ರಾಸ್ತ್ರ ಕಾಯ್ದೆ ಬಂತು. ಭಾರತೀಯನಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನನಿಗೆ ಬೇಡ! ಈ ತಾರತಮ್ಯ ನಮ್ಮ ಮುಖಂಡರನ್ನು ಬಹಳ ನೋಯಿಸಿತು. ಅಹಿಂಸೆಯ ಗಾಂಧೀಜಿಯವರೇ 1918ರಲ್ಲಿ, ಇಡೀ ದೇಶದ ಕೈಯಿಂದ ಆಯುಧ ಕಸಿದ ಈ ಕಾಯ್ದೆಯನ್ನು ಬ್ರಿಟಿಷರ ಅತಿ ಕರಾಳ ಕೆಲಸಗಳ ಸಾಲಿಗೆ ಸೇರಿಸಿದ್ದರು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಸೇರಿತ್ತು.

ಆದರೆ ಸಂವಿಧಾನ ಬರೆಯುವಾಗ ಈ ಹಕ್ಕು ಬರಲಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅವರು 1948ರಲ್ಲಿ ಸಂವಿಧಾನ ಸಭೆಯಲ್ಲಿ ಇದಕ್ಕಾಗಿ ತಿದ್ದುಪಡಿ ತಂದರು. ಡಾ. ಅಂಬೇಡ್ಕರ್ ಅವರು ಒಪ್ಪಲಿಲ್ಲ. ದೇಶ ವಿಭಜನೆಯ ರಕ್ತ ಇನ್ನೂ ಆರದ ಕಾಲ ಅದು. ಕೋವಿ ಇಷ್ಟಪಡುವ ನನಗೂ, ಆಗ ಎಲ್ಲರ ಕೈಗೂ ಆಯುಧ ಕೊಡದೇ ಇದ್ದದ್ದೇ ಸರಿ ಅಂತ ಕಾಣುತ್ತದೆ.

ಆಮೇಲೆ ಬಂದದ್ದು 1959ರ ಶಸ್ತ್ರಾಸ್ತ್ರ ಕಾಯ್ದೆ. ಇದು 1962ರ ಅಕ್ಟೋಬರ್ 1ರಿಂದ ಜಾರಿಯಾಯಿತು. ಇದರಲ್ಲಿ ರೈತನ ಹೆಸರು ಹೇಳದಿದ್ದರೂ ರೈತನ ನೆನಪಿದೆ. ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿ, ಸ್ವಂತ ರಕ್ಷಣೆಗೆ ಇಪ್ಪತ್ತು ಇಂಚಿಗೆ ಕಡಿಮೆ ಇಲ್ಲದ ನಳಿಗೆಯ ನುಣುಪು ನಳಿಗೆ ಕೋವಿ, ಇವೆರಡಕ್ಕೂ ಕಾಯ್ದೆಯಲ್ಲೇ ಜಾಗ ಇದೆ. ನಮ್ಮ ಅಜ್ಜ ಹೊಸ ಕಾಯ್ದೆಯಲ್ಲಿ ಲೈಸೆನ್ಸ್ ಮಾಡಿಸಿದ್ದು 1964ರಲ್ಲಿ. ಮಡಿಕೆ ಹರಿದ ಆ ಪುಸ್ತಕ ಇಂದಿಗೂ ನಮ್ಮ ಪೆಟ್ಟಿಗೆಯಲ್ಲಿದೆ.

ಮಾಳದ ರಾತ್ರಿಗಳು

ಕೇಪಿನ ಕೋವಿ ಹಾರಿಸುವುದು ಈಗಿನ ಹುಡುಗರು ತಿಳಿದಂತೆ ಸುಲಭದ ಕೆಲಸವಲ್ಲ. ನಳಿಗೆಯ ಬಾಯಿಂದ ಮದ್ದು ಹಾಕಬೇಕು, ಕತ್ತ ತುರುಕಿ ಗಜದಿಂದ ಇಡಿಯಬೇಕು, ಚರೆ ಹಾಕಿ ಮತ್ತೆ ಇಡಿಯಬೇಕು. ಕಡೆಗೆ ಕೇಪು ಕೂರಿಸಿ, ಕುದುರೆ ಎತ್ತಿ, ಬಿಲ್ಲು ಎಳೆದರೆ (ಬಿಲ್ಲು ಅಂದರೆ ಈಗಿನವರು ಟ್ರಿಗರ್ ಅನ್ನುವುದು) ಒಂದು ಈಡು. ತಪ್ಪಿದರೆ ಇನ್ನೊಂದು ತುಂಬುವಷ್ಟರಲ್ಲಿ ಹಂದಿ ಪಕ್ಕದ ಊರು ಸೇರಿರುತ್ತದೆ. ಮಳೆಗಾಲದಲ್ಲಿ ಮದ್ದು ತಂಡಿ ಹಿಡಿದರೆ 'ಟಿಕ್' ಅಂತ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಅಜ್ಜನ ಕಾಲದಲ್ಲಿ ಬತ್ತದ ತೆನೆ ಹಾಲು ಕಟ್ಟುವ ಹೊತ್ತಿಗೆ ಗದ್ದೆ ಅಂಚಿನ ಮಾಳದಲ್ಲಿ ರಾತ್ರಿ ಕಾಯುವುದು ಕಡ್ಡಾಯವಾಗಿತ್ತು. ಒಂದು ಬಯಲಿಗೆ ನಾಲ್ಕು ಮಾಳ. ಒಬ್ಬನ ಹತ್ತಿರ ಕೋವಿ, ಉಳಿದವರ ಹತ್ತಿರ ತಗಡಿನ ಡಬ್ಬ, ಕೊಂಬು, ಬೆಂಕಿ ಕೊಳ್ಳಿ. ಈ ಕಡೆಯಿಂದ ಒಬ್ಬ ಕೂ ಹಾಕಿದರೆ ಆ ಕಡೆಯಿಂದ ಇನ್ನೊಬ್ಬ ಕೂ ಹಾಕಬೇಕು. ಕೂ ಬಾರದಿದ್ದರೆ ಅವನು ಮಲಗಿದ್ದಾನೆ ಅಥವಾ ಏನೋ ಆಗಿದೆ ಎಂದು ಅರ್ಥ, ಹೋಗಿ ನೋಡಿ ಬರಬೇಕು. ಸಹಕಾರ ಅನ್ನುವ ಪದ ಅವರಿಗೆ ಗೊತ್ತಿರಲಿಲ್ಲ, ಮಾಡುತ್ತಿದ್ದದ್ದು ಅದನ್ನೇ. ಕೋವಿ ಇದ್ದದ್ದು ಒಬ್ಬನ ಮನೆಯಲ್ಲಾದರೂ ಅದರ ಸದ್ದು ಇಡೀ ಬಯಲಿಗೆ ಕಾವಲಾಗಿತ್ತು. ವರ್ಷಕ್ಕೆ ಪ್ರಾಣಿಗೆ ತಾಗಿದ ಈಡಿಗಿಂತ ಗಾಳಿಗೆ ಹೊಡೆದ ಈಡೇ ಹೆಚ್ಚು ಎಂದು ಅಪ್ಪಯ್ಯ ಹೇಳುತ್ತಿದ್ದರು.

ಗಾಜಿನ ಹೆಂಚು

ಈಗ ನಮ್ಮ ಮನೆಯ ಒಂದು ಸಂಗತಿ ಬರೆಯುತ್ತೇನೆ. ಊರಿನ ಹಿರಿಯರಲ್ಲಿ ಕೆಲವರಿಗೆ ಗೊತ್ತು, ಉಳಿದವರಿಗೆ ಗೊತ್ತಿಲ್ಲ.

ಕೇಪಿನ ಕೋವಿಯ ದೊಡ್ಡ ತೊಂದರೆ ಏನೆಂದರೆ ಒಮ್ಮೆ ತುಂಬಿದರೆ ಬರಿದು ಮಾಡುವುದು ಬಹಳ ಕಷ್ಟ, ಹೊಡೆದೇ ಖಾಲಿ ಮಾಡಬೇಕು. ಮದ್ದು ದಂಡ ಯಾಕೆ ಎಂದು ಎಷ್ಟೋ ಜನ ಕೇಪು ಮಾತ್ರ ತೆಗೆದು, ತುಂಬಿದ ಕೋವಿಯನ್ನೇ ಗೋಡೆಗೆ ತೂಗು ಹಾಕುತ್ತಿದ್ದರು. 1992ರಲ್ಲಿ ನನಗೆ ಹನ್ನೆರಡು ವರ್ಷ. ಒಂದು ಬೆಳಗಿನ ಜಾವ ಅಪ್ಪಯ್ಯ ಮಾಳದಿಂದ ನೆನೆದು ಬಂದವರು, ಚಳಿಗೆ ನಡುಗುತ್ತಾ ಕೋವಿ ತೂಗು ಹಾಕಿ ಬಚ್ಚಲ ಒಲೆಯ ಹತ್ತಿರ ಹೋದರು. ಆ ದಿನ ಕೇಪು ತೆಗೆಯಲು ಮರೆತಿದ್ದರು.

ನಾನು ಬೆಂಚು ಹತ್ತಿ ಕೋವಿ ಇಳಿಸಿದೆ. ತಂಗಿಗೆ ಏಳು ವರ್ಷ. ಅವಳು ಮೆತ್ತಿನ ಏಣಿಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ನಾನು ಅಪ್ಪಯ್ಯನ ಹಾಗೆ ಹೆಗಲಿಗೆ ಕೊಟ್ಟು ಕುದುರೆ ಎತ್ತಿದೆ, ಬಿಲ್ಲು ಎಳೆದೆ. ಆಮೇಲೆ ನನಗೆ ನೆನಪಿರುವುದು ಹೊಗೆ, ಗಂಧಕದ ವಾಸನೆ, ಮೇಲಿಂದ ಬಿದ್ದ ಹೆಂಚಿನ ಚೂರು. ಚರೆ ತಂಗಿಯ ತಲೆಯ ಮೇಲೆ ಒಂದೂವರೆ ಮೊಳ ಬಿಟ್ಟು ಹೆಂಚಿಗೆ ಹೋಗಿತ್ತು. ಅವಳು ಅಳಲೂ ಇಲ್ಲ, ಹಾಗೇ ಕೂತಿದ್ದಳು. ಅಮ್ಮ ಓಡಿ ಬಂದು ಅವಳ ತಲೆ, ಮೈ ಎಲ್ಲಾ ಸವರಿ ಸವರಿ ನೋಡಿ, ಆಮೇಲೆ ಕುಸಿದು ಕೂತರು.

ಅಪ್ಪಯ್ಯ ನನಗೆ ಹೊಡೆಯುತ್ತಾರೆ ಅಂತ ಕಾದೆ. ಹೊಡೆಯಲಿಲ್ಲ. "ತಪ್ಪು ನಿಂದಲ್ಲ ಮಗಾ, ನಂದು" ಅಂದರು. ಆ ದಿನ ಊಟ ಮಾಡಲಿಲ್ಲ. ಮರುದಿನ ಒಡೆದ ಹೆಂಚಿನ ಜಾಗಕ್ಕೆ ಮಣ್ಣಿನ ಹೆಂಚು ಹಾಕದೆ ಪೇಟೆಯಿಂದ ಒಂದು ಗಾಜಿನ ಹೆಂಚು ತಂದು ಹಾಕಿದರು. ಇವತ್ತಿಗೂ ಬೆಳಿಗ್ಗೆ ಹತ್ತು ಗಂಟೆಗೆ ಅದರ ಬಿಸಿಲು ಏಣಿಯ ಮೇಲೆ ಬೀಳುತ್ತದೆ. ತಂಗಿಗೆ ಈಗ ಎರಡು ಮಕ್ಕಳು. ಊರಿಗೆ ಬಂದಾಗ ಆ ಬಿಸಿಲಲ್ಲೇ ಕೂತು ಮಕ್ಕಳ ತಲೆ ಬಾಚುತ್ತಾಳೆ.

ಅಂದಿನಿಂದ ನಮ್ಮ ಮನೆಯಲ್ಲಿ ನಾಲ್ಕು ಕಟ್ಟಳೆ ಆದವು. ಒಂದು, ಹೊಸ್ತಿಲು ದಾಟಿ ಒಳಗೆ ಬರುವ ಕೋವಿ ಖಾಲಿ ಇರಬೇಕು. ಎರಡು, ಕೋವಿ ಒಂದು ಕಡೆ, ಮದ್ದು ಒಂದು ಕಡೆ, ಎರಡಕ್ಕೂ ಬೀಗ, ಬೀಗದ ಕೈ ಯಜಮಾನನ ಉಡಿದಾರದಲ್ಲಿ. ಮೂರು, ಖಾಲಿ ಅಂತ ಗೊತ್ತಿದ್ದರೂ ಮನುಷ್ಯರ ಕಡೆ ನಳಿಗೆ ತಿರುಗಿಸಬಾರದು. ನಾಲ್ಕು, ಏನು ಅಂತ ಕಣ್ಣಿಗೆ ಕಂಡ ಹೊರತು ಬಿಲ್ಲಿಗೆ ಬೆರಳು ಹೋಗಬಾರದು. ಸದ್ದಿಗೆ ಹೊಡೆಯಬಾರದು, ಅಲುಗಾಟಕ್ಕೆ ಹೊಡೆಯಬಾರದು.

ಹೊಡೆಯದೆಯೇ ಖಾಲಿ ಮಾಡಬಹುದು ಎಂಬ ಒಂದೇ ಕಾರಣಕ್ಕೆ ಅಪ್ಪಯ್ಯ ಆಮೇಲೆ ಕೇಪಿನ ಕೋವಿ ಕೊಟ್ಟು 12 ಬೋರಿನ ಒಂಟಿ ನಳಿಗೆ ತೋಟಾ ಕೋವಿ ತಂದರು. 12 ಬೋರ್ ಅಂದರೆ ಏನೆಂದು ಎಷ್ಟೋ ಜನ ಕೇಳುತ್ತಾರೆ. ಒಂದು ಪೌಂಡ್ ಸೀಸದಲ್ಲಿ ಸಮನಾದ 12 ಗುಂಡು ಮಾಡಿದರೆ, ಅದರಲ್ಲಿ ಒಂದು ಗುಂಡು ಹಿಡಿಯುವಷ್ಟು ಅಗಲದ ನಳಿಗೆ ಎಂದು ಅರ್ಥ.

ನಾಲ್ಕನೇ ಕಟ್ಟಳೆ

ಒಂಟಿ ಮನೆಗಳ ನಮ್ಮ ಊರಲ್ಲಿ ಸ್ವಂತ ರಕ್ಷಣೆಯ ಮಾತೂ ಬರುತ್ತದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಅಂಗಳದಲ್ಲಿ ಲಕ್ಷಗಟ್ಟಲೆ ಮಾಲು ಬಿದ್ದಿರುತ್ತದೆ. ಪೊಲೀಸ್ ಠಾಣೆ ದೂರ, ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ. ತನ್ನ ಜೀವ, ತನ್ನ ಆಸ್ತಿ ಕಾಪಾಡಿಕೊಳ್ಳುವ ಹಕ್ಕನ್ನು ಕಾನೂನು ಎಲ್ಲರಿಗೂ ಕೊಟ್ಟಿದೆ. ಮೊದಲು ಭಾರತೀಯ ದಂಡ ಸಂಹಿತೆಯಲ್ಲಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಆದರೆ ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ ಬಲ, ಅದಕ್ಕಿಂತ ಹೆಚ್ಚಿಗೆ ಮಾಡಿದರೆ ಅದು ಅಪರಾಧ. ಓಡಿ ಹೋಗುವ ಕಳ್ಳನ ಬೆನ್ನಿಗೆ ಹೊಡೆಯಲು ಯಾವ ಕಾನೂನೂ ಹೇಳಿಲ್ಲ.

2021ರ ಜನವರಿ. ಅಕ್ಕಪಕ್ಕದ ಊರುಗಳಲ್ಲಿ ಅಡಿಕೆ ಕಳ್ಳತನದ ಸುದ್ದಿ ಇತ್ತು. ರಾತ್ರಿ ಎರಡು ಗಂಟೆಗೆ ನಾಯಿ ಒಂದೇ ಸಮನೆ ಬೊಗಳಿತು. ಕರೆಂಟಿಲ್ಲ. ನಾನು ಬೀಗ ತೆಗೆದು, ತೋಟಾ ಹಾಕಿ, ಹಿಂದಿನ ಬಾಗಿಲಿಗೆ ಬಂದೆ. ತೋಟದ ದಾರಿಯಲ್ಲಿ ಒಬ್ಬ ಬಗ್ಗಿಕೊಂಡು ಬರುತ್ತಿರುವುದು ಮಸುಕು ಮಸುಕಾಗಿ ಕಂಡಿತು. ಸುಳ್ಳು ಹೇಳುವುದಿಲ್ಲ, ನನ್ನ ಬೆರಳು ಬಿಲ್ಲಿನ ಹತ್ತಿರವೇ ಇತ್ತು. ಆಗ ಅಪ್ಪಯ್ಯನ ನಾಲ್ಕನೇ ಕಟ್ಟಳೆ ನೆನಪಾಯಿತು. ನಳಿಗೆ ಕೆಳಗೆ ಮಾಡಿ ಟಾರ್ಚು ಬಿಟ್ಟು "ಯಾರದು?" ಅಂತ ಕೂಗಿದೆ. "ಅಣ್ಣಾ, ನಾನು! ಅಪ್ಪಂಗೆ ಎದೆನೋವು, ಜೀಪು ಬೇಕಿತ್ತು" ಅಂತ ಉತ್ತರ ಬಂತು. ಪಕ್ಕದ ಮನೆ ಹುಡುಗ. ಮುಂದಿನ ದಾರಿಯಲ್ಲಿ ನಾಯಿ ಬಿಡುವುದಿಲ್ಲ ಅಂತ ತೋಟದಿಂದ ಬಂದಿದ್ದ. ಅವರ ತಂದೆಯನ್ನು ಆಸ್ಪತ್ರೆಗೆ ಸೇರಿಸಿ ಬೆಳಿಗ್ಗೆ ಮನೆಗೆ ಬಂದ ಮೇಲೆಯೂ ನನ್ನ ಕೈ ನಡುಗುತ್ತಿತ್ತು. ಹಂದಿ ಅಂತ ತಿಳಿದು ಮನುಷ್ಯನಿಗೆ ಹೊಡೆದ ಸುದ್ದಿ ಮಲೆನಾಡಿನಲ್ಲಿ ಆಗಾಗ ಓದುತ್ತೇವೆ. ಅಂಥವರೆಲ್ಲ ಕೆಟ್ಟವರೇನಲ್ಲ. ಅರೆಕ್ಷಣ ತಡೆಯದೇ ಹೋದವರು.

ಆ ರಾತ್ರಿಯಿಂದ ನಮ್ಮ ಕೇರಿಯ ಹನ್ನೊಂದು ಮನೆಯವರು ಫೋನ್ ನಂಬರಿನ ಪಟ್ಟಿ ಮಾಡಿ ಪ್ರತಿ ಮನೆಯ ಗೋಡೆಗೆ ಅಂಟಿಸಿದೆವು. ರಾತ್ರಿ ಯಾರೇ ಬರುವುದಿದ್ದರೂ ಮೊದಲು ಫೋನ್, ಸಿಗ್ನಲ್ ಇಲ್ಲದಿದ್ದರೆ ಟಾರ್ಚು ಬಿಟ್ಟುಕೊಂಡು ಕೂ ಹಾಕಿಕೊಂಡು ಬರಬೇಕು. ಅಜ್ಜನ ಕಾಲದ ಮಾಳದ ಪದ್ಧತಿಯೇ ಮತ್ತೆ ಬಂತು ಅನ್ನಿ.

ಈಗಿನ ಪಾಡು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ಮುಗಿದದ್ದು ಒಳ್ಳೆಯದೇ, ಇಲ್ಲದಿದ್ದರೆ ಕಡವೆಯನ್ನು ನಮ್ಮ ಮಕ್ಕಳು ಚಿತ್ರದಲ್ಲಿ ನೋಡಬೇಕಿತ್ತು. ಹಂದಿಗೂ ಈ ಕಾಯ್ದೆಯ ರಕ್ಷಣೆ ಇದೆ. ಬೆಳೆಗೆ ಅಪಾಯಕಾರಿ ಆದ ಪ್ರಾಣಿಯನ್ನು ಹೊಡೆಯಲು 11ನೇ ಕಲಮಿನಲ್ಲಿ ಅವಕಾಶ ಇದೆ, ಆದರೆ ಅದಕ್ಕೆ ಅರಣ್ಯ ಇಲಾಖೆಯ ಅಧಿಕಾರಿಯಿಂದ ಲಿಖಿತ ಅನುಮತಿ ಬೇಕು. ಕೇರಳದಲ್ಲಿ 2022ರಲ್ಲಿ ಹಂದಿಯ ವಿಷಯದಲ್ಲಿ ಈ ಅಧಿಕಾರವನ್ನು ಪಂಚಾಯ್ತಿ ಅಧ್ಯಕ್ಷರಿಗೇ ಕೊಟ್ಟರು. ನಮ್ಮಲ್ಲೂ ಇಂಥದ್ದೊಂದು ಸುಲಭದ ದಾರಿ ಬೇಕು ಎಂದು ರೈತರು ಕೇಳುವುದರಲ್ಲಿ ತಪ್ಪಿಲ್ಲ. ಅಭಯಾರಣ್ಯದಿಂದ ಹತ್ತು ಕಿಲೋಮೀಟರ್ ಒಳಗೆ ಇರುವ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕು ಎಂಬ ನಿಯಮವೂ ಇದೆ. ಶೆಟ್ಟಿಹಳ್ಳಿ, ಮೂಕಾಂಬಿಕಾ, ಶರಾವತಿ ಇವುಗಳ ಮಧ್ಯೆ ಇರುವ ನಮಗೆ ಇದು ಗೊತ್ತಿರಬೇಕು.

ಇನ್ನೊಂದು ಕಷ್ಟ ಚುನಾವಣೆ. 2024ರ ಲೋಕಸಭಾ ಚುನಾವಣೆಗೆ ಮಾರ್ಚ್ 16ರಿಂದ ಜೂನ್ 6ರವರೆಗೆ ನೀತಿ ಸಂಹಿತೆ ಇತ್ತು. ಕೋವಿ ಠಾಣೆಗೆ ಒಪ್ಪಿಸಿದೆ. ಆ ಬೇಸಿಗೆಯಲ್ಲಿ ಹಂದಿ ಹಿಂಡು ನನ್ನ ಇನ್ನೂರು ಬಾಳೆಯನ್ನೂ ಅಡಿಕೆ ಸಸಿಗಳನ್ನೂ ಬುಡಮೇಲು ಮಾಡಿತು. ಗರ್ನಾಲು ಹೊಡೆದರೆ ಎರಡು ದಿನ ಹೆದರುತ್ತವೆ, ಮೂರನೇ ದಿನ ಅದರ ಪಕ್ಕದಲ್ಲೇ ಮೇಯುತ್ತವೆ. ಕೋವಿ ವಾಪಸು ಬರುವಾಗ ನಳಿಗೆಗೆ ತುಕ್ಕು, ಹಿಡಿಯಲ್ಲಿ ಬಿರುಕು. ಶಾಂತಿಯುತ ಮತದಾನ ನಡೆಯಬೇಕು ಅನ್ನುವುದಕ್ಕೆ ನನ್ನ ವಿರೋಧ ಇಲ್ಲ. ಆದರೆ ಎಂದೂ ಒಂದು ಕೇಸಿಲ್ಲದ ರೈತನ ಕೋವಿಯನ್ನೂ ರೌಡಿಯ ಕೋವಿಯನ್ನೂ ಒಂದೇ ರಾಶಿಗೆ ಹಾಕಿದರೆ ಮನಸ್ಸಿಗೆ ನೋವಾಗುತ್ತದೆ. ಹಲಗಲಿಯ ನೆನಪು ಬರುವುದು ಆಗಲೇ.

ಸದಸ್ಯರಲ್ಲಿ ನನ್ನ ಬಿನ್ನಹ

ಅಪ್ಪಯ್ಯ 2019ರಲ್ಲಿ ತೀರಿಕೊಂಡರು. ಹದಿಮೂರನೇ ದಿನ ಕಳೆದ ಮೇಲೆ ನಾನು ಮೊದಲು ಮಾಡಿದ ಕೆಲಸ ಕೋವಿಯನ್ನು ಠಾಣೆಗೆ ಕೊಟ್ಟು ರಸೀದಿ ತಂದದ್ದು. ಲೈಸೆನ್ಸುದಾರ ತೀರಿಕೊಂಡ ಮೇಲೆ ವಾರಸುದಾರ ಸುಮ್ಮನೆ ಇಟ್ಟುಕೊಂಡರೆ ಅದು ಅಕ್ರಮ ಆಯುಧವೇ. ಆಮೇಲೆ ತಂಗಿಯ ಒಪ್ಪಿಗೆ ಪತ್ರ, ವೈದ್ಯರ ಸರ್ಟಿಫಿಕೇಟು, ಕೋವಿ ಬಳಸುವ ತರಬೇತಿಯ ಸರ್ಟಿಫಿಕೇಟು ಎಲ್ಲಾ ಹೊಂದಿಸಿ, ಓಡಾಡಿ ನನ್ನ ಹೆಸರಿಗೆ ಲೈಸೆನ್ಸ್ ಮಾಡಿಸಿದೆ. 2016ರ ನಿಯಮದಲ್ಲಿ ಎಪ್ಪತ್ತು ವರ್ಷ ದಾಟಿದವರು ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲು ಅವಕಾಶವಿದೆ. ನಮ್ಮ ಹಿರಿಯ ಸದಸ್ಯರು ಇದನ್ನು ಗಮನಿಸಬೇಕು. 2019ರ ತಿದ್ದುಪಡಿಯಂತೆ ಲೈಸೆನ್ಸಿನ ಅವಧಿ ಐದು ವರ್ಷ, ಒಬ್ಬರಿಗೆ ಎರಡು ಕೋವಿ ಮಾತ್ರ. ಮದುವೆ ಮೆರವಣಿಗೆಯಲ್ಲಿ ಜನರಿಗೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಕೆಲವೊಮ್ಮೆ ಎರಡೂ.

ಕಹಿಯಾದರೂ ಇನ್ನೊಂದು ಮಾತು ಹೇಳುತ್ತೇನೆ. ಲೈಸೆನ್ಸ್ ಇಲ್ಲದ ನಾಡಕೋವಿ ಇಟ್ಟುಕೊಳ್ಳುವುದು, ಹಂದಿ ದಾರಿಗೆ ದಾರ ಕಟ್ಟಿ ಕೋವಿ ಇಡುವುದು, ಇವೆರಡನ್ನೂ ನಮ್ಮ ಸೀಮೆಯಿಂದ ನಾವೇ ಬಿಡಿಸಬೇಕು. ದಾರಕ್ಕೆ ಕಾಲು ಕೊಡುವುದು ಹಂದಿಯೋ, ಸೊಪ್ಪಿಗೆ ಹೋದ ಹೆಂಗಸೋ ಎಂದು ಆ ಕೋವಿಗೆ ಕಣ್ಣಿಲ್ಲ. ಅಂಥದ್ದೊಂದು ಸಾವು ಆದರೆ ನ್ಯಾಯವಾಗಿ ಇಟ್ಟುಕೊಂಡ ನೂರು ಜನರ ಮೇಲಿನ ನಂಬಿಕೆಯೂ ಹೋಗುತ್ತದೆ.

ನಮ್ಮ ಸಂಘ ಸೋಲಾರ್ ಬೇಲಿಗೆ ಕೊಟ್ಟ ಸಾಲದಿಂದ ಎಷ್ಟೋ ಮನೆಯವರು ರಾತ್ರಿ ನಿದ್ದೆ ಮಾಡುವಂತಾಗಿದೆ. ಇನ್ನು ಮುಂದೆ ವರ್ಷಕ್ಕೊಮ್ಮೆ ಸಂಘದ ಸಭಾಂಗಣದಲ್ಲಿ ಲೈಸೆನ್ಸುದಾರರನ್ನು ಸೇರಿಸಿ, ನವೀಕರಣದ ಅರ್ಜಿ ತುಂಬಿಸಿ, ಕೋವಿ ಜೋಪಾನದ ತಿಳಿವಳಿಕೆ ಕೊಡಿಸಿದರೆ ಹೇಗೆ ಎಂದು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಪ್ರಸ್ತಾಪ ಇಡಬೇಕೆಂದಿದ್ದೇನೆ. ಚುನಾವಣೆ ಬಂದಾಗ ಒಬ್ಬೊಬ್ಬರೇ ಹೋಗಿ ಗೋಗರೆಯುವ ಬದಲು ಸಂಘದ ಮೂಲಕ ಎಲ್ಲರ ಪರವಾಗಿ ಜಿಲ್ಲಾಡಳಿತಕ್ಕೆ ಮನವಿ ಕೊಡಬಹುದು. ಒಬ್ಬನ ಮಾತಿಗೆ ಇಲ್ಲದ ತೂಕ ಸಂಘದ ಮೊಹರಿಗೆ ಇದೆ.

ನನ್ನ ಮಗ ಈಗ ಕಾಲೇಜಿಗೆ ಹೋಗುತ್ತಾನೆ. "ಅಪ್ಪಾ, ಇಷ್ಟೆಲ್ಲ ತಾಪತ್ರಯ ಯಾಕೆ, ಸರೆಂಡರ್ ಮಾಡಿಬಿಡು" ಅನ್ನುತ್ತಾನೆ. ಇಪ್ಪತ್ತೊಂದು ತುಂಬಿದ ಮೇಲೆ ಅವನಿಗೂ ಅರ್ಜಿ ಹಾಕುವ ಹಕ್ಕಿದೆ, ಬೇಡ ಅನ್ನುವ ಹಕ್ಕೂ ಇದೆ. ಅವನಿಗೆ ನಾನು ಗಾಜಿನ ಹೆಂಚು ತೋರಿಸಿದ್ದೇನೆ. ಆ ನಾಲ್ಕು ಕಟ್ಟಳೆ ಬಾಯಿಪಾಠ ಹೇಳಿಸಿದ್ದೇನೆ. ಕೋವಿ ಅವನ ಕಾಲಕ್ಕೆ ಉಳಿಯಲಿ, ಬಿಡಲಿ, ಆ ಕಟ್ಟಳೆ ಉಳಿದರೆ ನನಗೆ ಸಂತೋಷ.